ಬಾಗಿಲ ವೀರನ ಬೆನ್ನು

ಆ ಊರಿಗೂ ಒಂದು ಹೆಸರಿದೆ. ಹೇಳಿದರೆ ಅಲ್ಲಿಯವರು ಮುಖ ಗಂಟು ಹಾಕಿಕೊಳ್ಳುತ್ತಾರೆ, ಬಿಡಿ. ಆ ಊರಲ್ಲಿ ಒಂದು ಬೀದಿ, ಬೀದಿಗೆ ಏಳು ಅಂಗಡಿ, ಏಳೂ ಚಿತ್ರಕಥೆ ಪುಸ್ತಕದ ಅಂಗಡಿ. ಬೇರೆ ಕಡೆ ಒಂದೇ ಬೀದಿಯಲ್ಲಿ ಏಳು ಬಳೆ ಅಂಗಡಿ ಇರುತ್ತೆ, ಏಳು ಪಾತ್ರೆ ಅಂಗಡಿ ಇರುತ್ತೆ. ಅಲ್ಲಿ ಇದು. ಯಾಕೆ ಅಂತ ಕೇಳಬಾರದು, ಆ ಊರು ಇದ್ದದ್ದೇ ಹಾಗೆ.

ಏಳು ಬಾಗಿಲಿಗೂ ಏಳು ವೀರರು ನಿಂತಿದ್ದರು. ರಟ್ಟಿನವರು, ಆಳೆತ್ತರದವರು. ಒಬ್ಬನಿಗೆ ಹಸಿರು ರುಮಾಲು, ಒಬ್ಬನ ಕಾಲ ಬುಡದಲ್ಲಿ ಹುಲಿ, ಒಬ್ಬನಿಗೆ ಹೆಗಲ ಮೇಲೆ ರೆಕ್ಕೆ, ಒಬ್ಬ ಎರಡು ಕೈಯಲ್ಲೂ ಮೊಸಳೆಯ ಬಾಯಿ ಹಿಡಿದು ಸೀಳುತ್ತಿದ್ದ. ಮುಂದುಗಡೆ ಬಣ್ಣವೋ ಬಣ್ಣ. ಹಿಂದುಗಡೆ ಬರೀ ಕಂದು ರಟ್ಟು, ಬೀಳದ ಹಾಗೆ ಒತ್ತು ಕೊಟ್ಟ ಒಂದು ಬಿದಿರ ಗಳು. ಬೆಳಿಗ್ಗೆ ಮೊದಲು ವೀರನನ್ನು ಹೊಸ್ತಿಲಿಗೆ ತಂದು ನಿಲ್ಲಿಸಬೇಕು, ಆಮೇಲೆ ದೀಪ ಹಚ್ಚಬೇಕು. ಸಂಜೆ ಮೊದಲು ದೀಪ ಶಾಂತ ಮಾಡಬೇಕು, ಆಮೇಲೆ ವೀರನನ್ನು ಒಳಗೆ ತರಬೇಕು. ಒಳಗೆ ಬಂದ ಮೇಲೂ ಅವನ ಮುಖ ಬೀದಿಯ ಕಡೆಗೇ ಇರಬೇಕು. ಬಾಗಿಲು ಹಾಕಿದ್ದರೂ ಸರಿ, ಎದುರಿಗೆ ಬರೀ ಬಾಗಿಲ ಹಲಗೆ ಇದ್ದರೂ ಸರಿ.

ಯಾಕೆಂದರೆ ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಪುಸ್ತಕ ಕೊಂಡವರದು, ಬಾಗಿಲ ವೀರ ನೋಡಿದವರದು.

ಅಂಗಡಿ ಮುಚ್ಚಿದ ದಿನ ವೀರನನ್ನು ಮಾರಬಾರದು, ಸುಡಬಾರದು, ಅಂಗಡಿ ಮನೆಯವರು ಇಟ್ಟುಕೊಳ್ಳಲೂಬಾರದು. ಬೆಳಿಗ್ಗೆಯೇ ಅವನ ತಲೆಯಿಂದ ಕಾಲಿಗೆ ಬಿಳಿ ಬಟ್ಟೆ ಸುತ್ತಿ ಬಿಗಿಯಬೇಕು. ನೆರಳು ಕಾಲಡಿಗೆ ಬರುವ ಹೊತ್ತಿಗೆ ಸಾರುವವನು ಬಂದು ತಮಟೆ ಬಡಿದು ಮೂರು ಸಲ ಕೇಳಬೇಕು, ಹೊರಗೆ ನಿಂತವರು ಯಾರಾದರೂ ಇದ್ದೀರಾ ಅಂತ. ಒಳಗೆ ಬಂದು ಕೊಳ್ಳಲಾರದೆ ಬೀದಿಯಲ್ಲೇ ನಿಂತು ಕಣ್ತುಂಬ ನೋಡಿಕೊಂಡು ಹೋದವರು ಎಲ್ಲರೆದುರಿಗೆ ಬಂದು, ನಾನು ಹೊರಗೆ ನಿಂತವಳು ಅಂತಲೋ ನಿಂತವನು ಅಂತಲೋ ಮೂರು ಸಲ ಹೇಳಬೇಕು. ಹೇಳಿದವರ ಮನೆಗೆ ವೀರ ಹೋಗುತ್ತಾನೆ. ಬಟ್ಟೆ ಬಿಚ್ಚುವುದು ಅವರ ಮನೆಯಲ್ಲೇ.

ಸಾಕ್ಷಿ ಗೀಕ್ಷಿ ಏನೂ ಬೇಡ. ಮೈಮೇಲೆ ಅವಮಾನ ಸುರಿದುಕೊಳ್ಳುವುದಕ್ಕೆ ಯಾರು ತಾನೇ ಸುಳ್ಳು ಹೇಳುತ್ತಾರೆ? ಮಾತು ಆಡಿದ ದಿನದಿಂದ ಅವರಿಗೆ ಹೊರಗೆ ನಿಂತವರು ಅಂತಲೇ ಹೆಸರು. ಮದುವೆಮನೆಯಲ್ಲಿ ಕಡೇ ಪಂಕ್ತಿ. ನಲ್ಲಿಯಲ್ಲಿ ಕಡೇ ಕೊಡ. ಯಾರ ಮನೆಗೆ ಹೋದರೂ ಬಾ ಅಂತಾರೆ, ಕೂತುಕೋ ಅನ್ನುವುದಿಲ್ಲ. ಹೀಗಿದ್ದ ಮೇಲೆ ಯಾರು ಬಾಯಿಬಿಡುತ್ತಾರೆ ಹೇಳಿ. ಕೇಳಿ ನೋಡಿದರೆ ಊರಿಗೆ ಊರೇ ಒಳಗೆ ಹೋಗಿ ಕೊಂಡವರಂತೆ. ನಮ್ಮಜ್ಜ ವಾರಕ್ಕೆರಡು ತರುತ್ತಿದ್ದರು ಅನ್ನುವವರೇ ಎಲ್ಲ. ಇವರ ಅಜ್ಜಂದಿರು ಅಷ್ಟೂ ಕೊಂಡಿದ್ದರೆ ಆ ಬೀದಿಯ ಅಂಗಡಿ ಒಂದಾದಮೇಲೊಂದು ಯಾಕೆ ಮುಚ್ಚುತ್ತಿತ್ತು?

ಮುಚ್ಚಿತು. ಒಂದಾಯಿತು, ಎರಡಾಯಿತು, ಆರಾಯಿತು. ಆರು ಸಲವೂ ತಮಟೆ ಬಡಿದಾಗ ಊರೆಲ್ಲ ತುಟಿ ಹೊಲಿದುಕೊಂಡು ನಿಂತಿತು. ಆರು ಸಲವೂ ಮುಂದೆ ಬಂದವಳು ಒಬ್ಬಳೇ. ಕೂಡಿಡುವವಳು.

ಅವಳ ಮನೆ ಆ ಬೀದಿಯ ತುದಿಗೇ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಂಗಡಿಗಳ ಹಳೇ ಸಾಮಾನು ಎಲ್ಲಿ ಹೊರಗೆ ಬಿದ್ದರೂ ಅವಳು ಹಾಜರು. ಪುಸ್ತಕ ಸಿಕ್ಕಿಸಿಡುವ ತಿರುಗೋ ತಂತಿ ಸ್ಟ್ಯಾಂಡು ಮೂರು ತಂದಿದ್ದಳು. ಶುಕ್ರವಾರ ಬಂತೆಂದರೆ ಅವುಗಳ ಬುಡಕ್ಕೆ ಎಣ್ಣೆ ಬಿಟ್ಟು, ಒಂದೊಂದನ್ನೇ ತಿರುಗಿಸಿ, ಅವು ಖಾಲಿಯಾಗಿ ತಿರುಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಗೋಡೆಯ ತುಂಬ ತಗಡಿನ ಬೋರ್ಡು. ಒಂದರಲ್ಲಿ ಹೊಸ ಸಂಚಿಕೆ ಬಂದಿದೆ ಅಂತ, ಒಂದರಲ್ಲಿ ಕೈ ಒರೆಸಿಕೊಂಡು ಮುಟ್ಟಿ ಅಂತ, ಒಂದರಲ್ಲಿ ನಿಂತು ಓದಬಾರದು ಅಂತ. ಪುಸ್ತಕ ನೇತುಹಾಕುವ ಹುರಿ, ಹುರಿಗೆ ತುಕ್ಕು ಹಿಡಿದ ಕ್ಲಿಪ್ಪು. ನಡುಮನೆಯ ಈ ಗೋಡೆಯಿಂದ ಆ ಗೋಡೆಗೆ ಆ ಹುರಿ ಕಟ್ಟಿದ್ದಳು, ಬಟ್ಟೆಯೇ ಒಗೆಯದ ಮನೆಯ ಬಟ್ಟೆಹಗ್ಗದ ಹಾಗೆ. ಇದೆಲ್ಲ ಗುಜರಿಯವನ ಹತ್ತಿರವೂ ಸಿಗುತ್ತೆ, ಇದಕ್ಕೆ ಕಟ್ಟಳೆಯ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದದ್ದು ವೀರರಿಗೆ. ಆ ಆರು ಜನ ವೀರರೂ ಅವಳ ನಡುಮನೆಯಲ್ಲಿ ಸಾಲಾಗಿ ನಿಂತಿದ್ದರು. ಗೋಡೆಗೆ ಮುಖ ಮಾಡಿ.

ಇದನ್ನು ಮೊದಲು ನೋಡಿದವಳು ಹಾಲಿನವಳು. ಬಾಗಿಲ ಸಂದಿಯಿಂದ ನೋಡಿದಳು, ಹಾಲು ಕಾಯುವಷ್ಟರಲ್ಲಿ ಊರಿಗೆಲ್ಲ ಹಂಚಿದಳು. ಆಮೇಲೆ ಕೇಳಬೇಕಾ. ಅವರಿಗೆ ಶಿಕ್ಷೆ ಕೊಟ್ಟಿದಾಳೆ ಅಂದರು. ಮಾಟ ಕಲಿತಿದಾಳೆ ಅಂದರು. ಗಂಡ ಹೋದಮೇಲೆ ಆರು ಜನ ಗಂಡಸರನ್ನ ಮನೆ ತುಂಬಿಸಿಕೊಂಡಳಲ್ಲ, ಅದೂ ಸೀರೆ ಉಡುವಾಗ ನೋಡಬಾರದು ಅಂತ ಬೆನ್ನು ತಿರುಗಿಸಿ ನಿಲ್ಲಿಸಿದಾಳೆ ಪತಿವ್ರತೆ, ಅಂತ ನಲ್ಲಿಯ ಹತ್ತಿರ ಒಬ್ಬಳು ಅಂದದ್ದಕ್ಕೆ ಮೂರು ಕೊಡ ತುಂಬಿ ಹರಿದರೂ ಯಾರಿಗೂ ಗೊತ್ತಾಗಲಿಲ್ಲ, ಅಷ್ಟು ನಕ್ಕಿದ್ದರು. ಎಲ್ಲರೂ ಕೊನೆಗೆ ಹೇಳುತ್ತಿದ್ದದ್ದು ಒಂದೇ ಮಾತು, ಆ ಹೆಂಗಸಿಗೆ ನಾಚಿಕೆ ಅನ್ನುವುದೇ ಇಲ್ಲ.

ನಾಚಿಕೆ ಇರಲಿಲ್ಲವಂತೆ. ಅವಳ ಮೈಯಲ್ಲಿ ಅದಲ್ಲದೆ ಬೇರೆ ಏನೂ ಇರಲಿಲ್ಲ.

ಅವಳು ಏಳನೇ ಅಂಗಡಿಯ ಮಗಳು. ಅವರಪ್ಪ ಆ ಬೀದಿಗೇ ದೊಡ್ಡ ಅಂಗಡಿಯವನು. ಚಿಕ್ಕಂದಿನಿಂದ ಮಗಳನ್ನು ಒಳಗೆ ಒಂದು ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಅಂಗಡಿ ಮನೆ ಹೆಣ್ಣು ಬೀದಿಯಲ್ಲಿ ನಿಂತರೆ ವ್ಯಾಪಾರ ಕೆಡುತ್ತೆ ಅನ್ನುತ್ತಿದ್ದ. ಬರುವುದು ಹಿತ್ತಿಲ ಬಾಗಿಲಿಂದ, ಹೋಗುವುದು ಹಿತ್ತಿಲ ಬಾಗಿಲಿಂದ. ಪುಸ್ತಕ ಎಷ್ಟು ಬೇಕಾದರೂ ಓದಬಹುದಿತ್ತು, ಅವಳು ಓದುತ್ತಿರಲಿಲ್ಲ. ಅವಳ ಕಣ್ಣೆದುರಿಗೆ ಇದ್ದದ್ದು ಬಾಗಿಲ ವೀರನ ಬೆನ್ನು. ಆ ಬೆನ್ನಿನ ಒಂದೊಂದು ಗೆರೆಯೂ ಅವಳಿಗೆ ಬಾಯಿಪಾಠ. ನಾಲ್ಕು ಮೊಳೆ, ಒಂದು ತುಕ್ಕು ಹಿಡಿದದ್ದು. ಭುಜದ ಹತ್ತಿರ ಅಂಟು ಸೋರಿ ಒಣಗಿದ ಕಲೆ. ಸೊಂಟದ ಹತ್ತಿರ ಜೇಡರ ಬಲೆ. ಬಿದಿರ ಗಳುವಿಗೆ ಸುತ್ತಿದ ಸೆಣಬು.

ಆ ಬೆನ್ನಿನ ಆಚೆ, ಬೀದಿಯಲ್ಲಿ, ನೋಡುವವರು ನಿಲ್ಲುತ್ತಿದ್ದರು. ಅವಳಿಗೆ ವೀರನ ಮುಖ ಕಾಣಿಸುತ್ತಿರಲಿಲ್ಲ, ಅವನನ್ನು ನೋಡುವವರ ಮುಖ ಕಾಣಿಸುತ್ತಿತ್ತು. ಬಾಯಿ ಹೀಗೆ ತೆರೆದಿರುತ್ತಿತ್ತು. ಕಣ್ಣು ಹೀಗೆ ಅರಳಿರುತ್ತಿತ್ತು. ತಲೆಯ ಮೇಲಿನ ಹೊರೆ ಮರೆತು, ಕಂಕುಳಲ್ಲಿ ಅಳುವ ಮಗು ಮರೆತು, ನಿಂತೇ ಇರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದವಳು ಗಿರಣಿ ಮನೆಯ ಹುಡುಗಿ. ತಲೆ ಮೇಲೆ ಹಿಟ್ಟಿನ ಡಬ್ಬ, ಹುಬ್ಬೆಲ್ಲ ಬೆಳ್ಳಗೆ. ಅವಳ ಮುಖದಲ್ಲಿ ಆಗುತ್ತಿದ್ದದ್ದನ್ನು ಸ್ಟೂಲಿನ ಮೇಲಿದ್ದವಳು ಕತ್ತು ಚಾಚಿ ನೋಡುತ್ತಿದ್ದಳು. ಅವರೆಲ್ಲ ಏನು ನೋಡುತ್ತಿದ್ದಾರೆ? ನನಗೆ ಯಾಕೆ ಇಲ್ಲ?

ಒಂದು ದಿನ ಅಪ್ಪ ಪರವೂರಿಗೆ ಹೋಗಿದ್ದ. ಅವಳು ಸ್ಟೂಲಿನಿಂದ ಇಳಿದಳು, ವೀರನನ್ನು ಸೊಂಟ ಹಿಡಿದು ಎತ್ತಿದಳು, ತಿರುಗಿಸಿದಳು. ಮುಖ ಒಳಗೆ, ಬೆನ್ನು ಬೀದಿಗೆ. ಹೋಗಿ ಸ್ಟೂಲಿನ ಮೇಲೆ ಕೂತು ನೋಡಿದಳು.

ಏನೂ ಕಾಣಲಿಲ್ಲ. ಒಳಗೆ ಕತ್ತಲೆ, ಹೊರಗೆ ಬಿಸಿಲು. ಬಿಸಿಲಿಗೆ ಅಡ್ಡ ನಿಂತ ಒಂದು ಕಪ್ಪು ಆಕಾರ, ಸುತ್ತ ಬೆಳಕಿನ ಗೆರೆ. ಕಣ್ಣು ಒಗ್ಗಿದರೆ ಕಂಡೀತು ಅಂತ ಬೆಳಗಿನಿಂದ ಸಂಜೆಯವರೆಗೆ ಕೂತಳು. ಕಾಣಲಿಲ್ಲ. ಸಂಜೆ ತಿರುಗಿಸಿ ಮೊದಲಿನ ಹಾಗೇ ನಿಲ್ಲಿಸಿದಳು. ಯಾರಿಗೂ ಹೇಳಲಿಲ್ಲ.

ಆದರೆ ಮರುದಿನ ಗಿರಣಿ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೆ ಯಾವತ್ತೂ ಇಲ್ಲ. ಸ್ಟೂಲಿನ ಮೇಲಿದ್ದವಳು ಅದನ್ನು ನೋಡಿಕೊಂಡಳು, ನುಂಗಿಕೊಂಡಳು. ನುಂಗಿದ್ದು ಕರಗಲಿಲ್ಲ.

ಬೀದಿಗೆ ಹೋಗಿ ನಿಂತು ನೋಡಿದರಾಗಿತ್ತು ಅಂತ ನಿಮಗೆ ಅನಿಸಬಹುದು. ನಡೆದುಹೋಗುವವರಿಗೆ ಕಾಣುವುದು ಬಣ್ಣ ಮಾತ್ರ. ಮುಖ ಕಾಣಬೇಕಾದರೆ ನಿಲ್ಲಬೇಕು, ನಿಂತರೆ ಊರು ನೋಡುತ್ತೆ. ಮದುವೆಯಾದ ಮೇಲೆ ಒಂದು ಸಲ ಧೈರ್ಯ ಮಾಡಿ ಮೂರನೇ ಅಂಗಡಿಯೆದುರಿಗೆ ನಿಂತಳು. ಅಷ್ಟರಲ್ಲಿ ಯಾವಳೋ ದಾರಿಹೋಕಳು, ಏನಮ್ಮ ಇಲ್ಲಿ ನಿಂತಿದೀಯ, ಕೈ ಬರಿದಾಗಿದೆಯಾ ಅಂದಳು. ಇವಳು ದಡಬಡ ಒಳಗೆ ನುಗ್ಗಿ ಬೇಡದ ಪುಸ್ತಕ ಒಂದು ಕೊಂಡು, ತಿರುಗಿ ನೋಡದೆ ಮನೆ ಸೇರಿದಳು.

ಮತ್ತೆ ಮೊದಲ ಅಂಗಡಿ ಮುಚ್ಚಿದಾಗ ಅಷ್ಟು ಜನರೆದುರಿಗೆ ಹೇಗೆ ಹೇಳಿದಳು ಅಂತೀರಾ. ಸುಳ್ಳು ಒಂದು ಉಸಿರಿಗೆ ಮುಗಿಯುತ್ತೆ, ನಿಲ್ಲೋದು ಮುಗಿಯೋದಿಲ್ಲ. ಕಣ್ಣು ಮುಚ್ಚಿಕೊಂಡು ಮೂರು ಸಲ ಹೇಳಿದಳು. ಊರು ನಂಬಿತು. ಅಂಗಡಿಯವನ ಮಗಳಾದರೇನು, ಬೇರೆ ಅಂಗಡಿಯವರು ಇವಳನ್ನು ಒಳಗೆ ಬಿಟ್ಟಿರಲಾರರು, ಪಾಪ ಹೊರಗೇ ನಿಂತಿರಬೇಕು ಅಂದುಕೊಂಡಿತು. ಅವಳು ಹಸಿರು ರುಮಾಲಿನವನನ್ನು ಮನೆಗೆ ಹೊತ್ತು ತಂದಳು, ಬಾಗಿಲು ಹಾಕಿದಳು, ಕಾಲಿನಿಂದ ಮೇಲಕ್ಕೆ ಬಟ್ಟೆ ಬಿಚ್ಚಿದಳು. ಪಾದರಕ್ಷೆ ಇತ್ತು. ಕಚ್ಚೆ ಇತ್ತು. ಕತ್ತಿ ಇತ್ತು. ರುಮಾಲಿತ್ತು. ಗದ್ದಕ್ಕೂ ರುಮಾಲಿಗೂ ನಡುವೆ ಏನೂ ಇರಲಿಲ್ಲ. ಒರೆಸಿದ ಸ್ಲೇಟಿನ ಹಾಗೆ ನುಣ್ಣಗಿತ್ತು.

ನನ್ನ ಸುಳ್ಳು ಇವನ ಮುಖ ತಿಂದಿತು ಅಂದುಕೊಂಡಳು. ಯಾರಾದರೂ ನೋಡಿಯಾರು ಅಂತ ಗೋಡೆಗೆ ತಿರುಗಿಸಿಟ್ಟಳು.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಮುಂದಿನವನದ್ದಾದರೂ ಉಳಿದೀತು ಅಂತ ಎರಡನೆಯವನನ್ನು ತಂದಳು. ಅವನದೂ ಹೋಗಿತ್ತು. ಮೂರನೆಯವನು, ನಾಲ್ಕನೆಯವನು. ಒಂದು ಗುಟುಕಿನ ಕಹಿಯನ್ನು ಮರೆಯುವುದಕ್ಕೆ ಅದೇ ಗಿಂಡಿಯಿಂದ ಇನ್ನೊಂದು ಗುಟುಕು ಕುಡಿದ ಹಾಗೆ. ಪ್ರತಿ ಸಲವೂ ಹೊತ್ತು ತಂದಳು, ಪ್ರತಿ ಸಲವೂ ಬಿಚ್ಚಿದಳು, ಪ್ರತಿ ಸಲವೂ ಗೋಡೆಗೆ ತಿರುಗಿಸಿದಳು. ಊರು ಅವಳನ್ನು ಕಡೇ ಪಂಕ್ತಿಯಲ್ಲಿ ಕೂರಿಸಿತು, ಅವಳು ಕೂತಳು. ಮಣೆ ಕೊಡಲಿಲ್ಲ, ನಿಂತಳು. ಆಡಿಕೊಂಡರೆ ಆಡಿಕೊಳ್ಳಲಿ. ಸುಳ್ಳು ನಾಚಿಕೆಯನ್ನು ಸೀರೆಯ ಹಾಗೆ ಉಟ್ಟುಕೊಂಡು ನಿಜವಾದ ನಾಚಿಕೆಯನ್ನು ಒಳಗೆ ಮುಚ್ಚಿಕೊಂಡಿದ್ದಳು.

ಹೀಗಿರುವಾಗ ಏಳನೇ ಅಂಗಡಿಗೂ ಕಾಲ ಬಂತು. ಅಪ್ಪ ಹೋದಮೇಲೆ ಅವಳ ತಮ್ಮ ಅದನ್ನು ಎಳೆದಾಡಿಕೊಂಡು ಬಂದಿದ್ದ. ಕೊನೆಗೆ ಆಗಲಿಲ್ಲ, ಸುಣ್ಣದ ವ್ಯಾಪಾರದವನಿಗೆ ಜಾಗ ಬಿಟ್ಟುಕೊಟ್ಟ. ಕೊಟ್ಟವನು ನೆಟ್ಟಗೆ ಅಕ್ಕನ ಮನೆಗೆ ಬಂದ. ಒಳಗೂ ಬರಲಿಲ್ಲ, ಜಗಲಿಯಲ್ಲೇ ನಿಂತು ಮಾತಾಡಿದ.

"ಅಕ್ಕ, ಆರು ಸಲ ನಿನ್ನ ಮಾನ ನೀನೇ ಬೀದಿಗೆ ಹಾಕಿಕೊಂಡೆ, ನಾನು ತುಟಿಪಿಟಕ್ ಅನ್ನಲಿಲ್ಲ. ಇದು ಅಪ್ಪನ ಹೊಸ್ತಿಲು. ಅಪ್ಪ ನಿನ್ನನ್ನ ಎಲ್ಲಿ ಕೂರಿಸಿದ್ದ ಅಂತ ಊರಿಗೆ ಗೊತ್ತು. ಅಲ್ಲಿ ಬಂದು ಹೊರಗೆ ನಿಂತವಳು ಅಂದರೆ ಸತ್ತವನ ಮುಖಕ್ಕೆ ಮಸಿ ಬಳಿದ ಹಾಗೆ. ಬರಬೇಡ."

"ಬರಲ್ಲ" ಅಂದಳು.

ಅವನು ಅವಳ ಮುಖ ನೋಡಿದ. ಬರುತ್ತಾಳೆ ಅಂತ ಅವನಿಗೆ ಗೊತ್ತಾಯಿತು. ಅವಳಿಗೂ ಗೊತ್ತಿತ್ತು. ಆರೂ ಹೋಗಲಿ, ಅವಳಿಗೆ ಬೇಕಾಗಿದ್ದವನು ಈ ಏಳನೆಯವನು. ಅವನ ಬೆನ್ನನ್ನು ನೋಡಿಕೊಂಡೇ ಅವಳು ಬೆಳೆದದ್ದು. ಈ ಒಂದು ಮುಖ ಕಾಣದೆ ಸತ್ತರೆ ಬದುಕಿದ್ದದ್ದೇ ದಂಡ ಅಂತ ಅವಳ ಲೆಕ್ಕ. ಅದಕ್ಕೆ ಬೇಕಾದ ಸುಳ್ಳನ್ನೂ ಆಗಲೇ ಹೆಣೆದಿಟ್ಟಿದ್ದಳು. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ದಿನಾ ಹಿತ್ತಿಲಿಂದ ಸುತ್ತಿ ಬಂದು ಬೀದಿಯಲ್ಲಿ ನಿಲ್ಲುತ್ತಿದ್ದೆ ಅಂತ. ಎಣ್ಣೆ ಬಿಟ್ಟ ಸ್ಟ್ಯಾಂಡು ತಿರುಗಿಸುತ್ತ ತಿರುಗಿಸುತ್ತ ಅದನ್ನೇ ಹೇಳಿ ಹೇಳಿ ನಾಲಿಗೆಗೆ ರೂಢಿ ಮಾಡಿಕೊಂಡಿದ್ದಳು.

ಆ ದಿನ ಬಂತು. ಇಂಥ ತಮಾಷೆ ಊರು ಬಿಡುತ್ತಾ? ಸೊಸೆಯರು ಅನ್ನ ಇಳಿಸಿ ಬಂದರು, ಅತ್ತೆಯರು ಇಳಿಸದೆಯೇ ಬಂದರು. ಸೊಂಟ ಹಿಡಿದುಕೊಂಡು ಆರು ತಿಂಗಳಿಂದ ಹಾಸಿಗೆ ಬಿಡದಿದ್ದ ಮುದುಕಿಯರು ಕೂಡ ಎದುರು ಜಗಲಿಯಲ್ಲಿ ಮೊದಲೇ ಬಂದು ಜಾಗ ಹಿಡಿದಿದ್ದರು. ಮಡಿಲಲ್ಲಿ ಪುರಿ ಕಟ್ಟಿಕೊಂಡು ಬಂದವರೂ ಇದ್ದರು. ಬಿಳಿ ಬಟ್ಟೆ ಸುತ್ತಿದ ವೀರ ಹೊಸ್ತಿಲ ಮೇಲೆ ಹೆಣದ ಹಾಗೆ ನಿಂತಿದ್ದ. ಪಕ್ಕದಲ್ಲಿ ತಮ್ಮ ನೆಲ ನೋಡುತ್ತ ನಿಂತಿದ್ದ. ಕೂಡಿಡುವವಳು ಬಂದಾಗ ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಮರ್ಯಾದೆಗಲ್ಲ, ಚೆನ್ನಾಗಿ ಕಾಣಲಿ ಅಂತ.

ನೆರಳು ಕಾಲಡಿಗೆ ಬಂತು. ಸಾರುವವನು ತಮಟೆ ಬಡಿದು ಮೊದಲ ಸಲ ಕೇಳಿದ. ಯಾರೂ ಉಸಿರೆತ್ತಲಿಲ್ಲ. ಎಲ್ಲರ ಕಣ್ಣೂ ಕೂಡಿಡುವವಳ ಮೇಲೆ.

ಎರಡನೇ ಸಲ ಕೇಳಿದ. ಆಗ ಹಿಂದಿನಿಂದ ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ಒಬ್ಬಳು ಬಂದಳು. ಕೈಯಲ್ಲಿ ಜರಡಿ, ತಲೆ ಬಿಳಿ, ಹುಬ್ಬು ಬಿಳಿ. ಯಾವುದು ವಯಸ್ಸು ಯಾವುದು ಹಿಟ್ಟು ಹೇಳಲಾಗದು. ಗಿರಣಿಯವಳು. ಎಷ್ಟೋ ವರ್ಷದಿಂದ ಆ ಬೀದಿಯಲ್ಲಿ ಅವಳನ್ನು ಕಂಡವರೇ ಇರಲಿಲ್ಲ.

"ನಾನು ಹೊರಗೆ ನಿಂತವಳು. ನಾನು ಹೊರಗೆ ನಿಂತವಳು. ನಾನು ಹೊರಗೆ ನಿಂತವಳು. ಬೇಗ ಕೊಡಪ್ಪ, ಗಿರಣಿ ಹಂಗೇ ಬಿಟ್ಟು ಬಂದಿದೀನಿ."

ಊಟ ಆಯ್ತು ಅಂತ ಹೇಳುವ ಹಾಗೆ ಹೇಳಿದಳು. ತಲೆ ತಗ್ಗಿಸಲಿಲ್ಲ, ಧ್ವನಿ ಇಳಿಸಲಿಲ್ಲ. ಅವಮಾನ ನೋಡೋಣ ಅಂತ ಬಂದವರಿಗೆ ಒಂಥರಾ ಮೋಸವಾದ ಹಾಗಾಯಿತು. ಈ ವಯಸ್ಸಿನಲ್ಲಿ ಇವನನ್ನ ಕಟ್ಟಿಕೊಂಡು ಏನು ಮಾಡುತ್ತೀ ಅಂತ ಯಾರೋ ಕೆಣಕಿದರು. ಗಿರಣಿ ಬಾಗಿಲಿಗೆ ಅಡ್ಡ ಬೇಕು, ಗಾಳಿಗೆ ಅರ್ಧ ಹಿಟ್ಟು ಬೀದಿ ಪಾಲಾಗ್ತಿದೆ ಅಂದಳು ಅವಳು. ವೀರನನ್ನು ಹಿಟ್ಟಿಗೆ ಅಡ್ಡ ನಿಲ್ಲಿಸುತ್ತಾಳಂತೆ ಅಂತ ಕೇಳಿದಾಗ ಕೂಡಿಡುವವಳು ಬಿಳಿ ಬಟ್ಟೆಯ ಕಡೆ ತಿರುಗಿದಳು.

ಸಾರುವವನು ಮೂರನೇ ಸಲ ಕೇಳುವುದಕ್ಕೆ ಕೋಲೆತ್ತಿದ. ಇನ್ನೊಬ್ಬರು ಕೇಳುವುದಿದ್ದರೆ ಇದೇ ಕಡೇ ಸಲ. ಕೂಡಿಡುವವಳು ಒಂದು ಹೆಜ್ಜೆ ಮುಂದಿಟ್ಟಳು. ಹೆಣೆದ ಸುಳ್ಳು ನಾಲಿಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಎದುರು ಜಗಲಿಯಿಂದ ಹಳೇ ಗಿರಾಕಿ ಮನೆಯ ಯಜಮಾನಿ, ಅವಳದು ಮೊದಲಿಂದಲೂ ಕೆಟ್ಟ ನಾಲಿಗೆ, ಗಿರಣಿಯವಳನ್ನು ಕೇಳಿದಳು. ಅಷ್ಟೊಂದು ನಿಂತು ನೋಡಿದವಳು ಆಮೇಲೆ ಈ ಬೀದಿಗೆ ಕಾಲೇ ಇಡಲಿಲ್ಲವಲ್ಲ, ಅದೇನು ಅಂಥಾ ಬಿಂಕ ಅಂತ.

ಗಿರಣಿಯವಳು ಜರಡಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಬಿಂಕ ನಂದಲ್ಲ ಕಣವ್ವ, ಅವನದು. ಒಂದು ದಿನ ಡಬ್ಬ ಹೊತ್ಕೊಂಡು ಬಂದೆ, ನಂಗೆ ಬೆನ್ನು ತೋರಿಸ್ಕೊಂಡು ನಿಂತಿದ್ದ. ದಿನಾ ಬರ್ತಾಳೆ, ಒಂದು ಪುಸ್ತಕ ಕೊಳ್ಳಲ್ಲ ಅಂತ ಅವನಿಗೂ ಬೇಜಾರಾಯ್ತೇನೋ. ಬೆನ್ನು ತೋರಿಸಿದೋನ ಮುಂದೆ ಎಷ್ಟೊತ್ತು ಅಂತ ನಿಲ್ಲೋದು? ಅವತ್ತಿಂದ ಹಿಂದಿನ ಬೀದೀಲೇ ಸುತ್ತಾಕ್ಕೊಂಡು ಓಡಾಡಿದೆ. ಇವತ್ತಿನ ತನಕ."

ಜನ ಬಿದ್ದು ಬಿದ್ದು ನಕ್ಕರು. ರಟ್ಟಿನವನು ಮುನಿಸಿಕೊಂಡನಂತೆ, ಇವಳು ಊರೆಲ್ಲ ಸುತ್ತಿದಳಂತೆ. ಗಿರಣಿಯವಳೂ ಸ್ವಲ್ಪ ನಕ್ಕಳು. ನಗುವಾಗ ಅವಳ ಕಣ್ಣು ಬಿಳಿ ಬಟ್ಟೆಯ ಕಡೆಗೆ ಹೋಯಿತು, ಬೇಗ ತಿರುಗಿತು. ಕೂಡಿಡುವವಳು ಅದನ್ನು ನೋಡಿದಳು. ಎಷ್ಟು ದೂರ ಸುತ್ತಿರಬೇಕು ಆ ಹಿಂದಿನ ಬೀದಿ, ತಲೆ ಮೇಲೆ ಡಬ್ಬ ಇಟ್ಟುಕೊಂಡು, ಎಷ್ಟು ವರ್ಷ. ನಾಲಿಗೆ ತುದಿಯ ಸುಳ್ಳು ಹಾಗೇ ಹಿಂದಕ್ಕೆ ಸರಿದು ಗಂಟಲಿಗೆ ಇಳಿಯಿತು.

"ನಾನು ಒಳಗೆ ಕೂತವಳು" ಅಂದಳು.

ಸಾರುವವನ ಕೋಲು ಮೇಲೆಯೇ ನಿಂತಿತು. ಆ ಮಾತಿಗೆ ಯಾವ ಪೆಟ್ಟು ಹಾಕಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ನಾನು ಒಳಗೆ ಕೂತವಳು. ಆ ದಿನ ಅವನನ್ನ ತಿರುಗಿಸಿದ್ದು ನಾನು. ಮುಖ ನನಗೆ ಬೇಕಿತ್ತು, ಅದಕ್ಕೆ ತಿರುಗಿಸಿದೆ. ನಾನು ಯಾವ ಅಂಗಡಿ ಮುಂದೂ ನಿಂತವಳಲ್ಲ. ಆ ಆರೂ ಸುಳ್ಳು."

ತಮ್ಮ ತಲೆಯೆತ್ತಿ ಅಕ್ಕನನ್ನು ನೋಡಿದ, ಮತ್ತೆ ತಗ್ಗಿಸಿದ. ಆಮೇಲೆ ಶುರುವಾಯಿತು ನೋಡಿ. ಥೂ ಅಂದರು. ಇಷ್ಟು ವರ್ಷ ಕಡೇ ಪಂಕ್ತಿಯಲ್ಲಿ ಕೂತು ಉಂಡದ್ದೂ ನಾಟಕವಾ ಅಂದರು. ಬಡತನವನ್ನೂ ಕದಿಯುವವಳು ಇದ್ದಾಳಲ್ಲಪ್ಪ ಅಂದರು. ಯಜಮಾನಿಯಂತೂ ಜಗಲಿ ಇಳಿದೇ ಬಂದಳು, ಹೊರಗೆ ನಿಂತವರಿಗೆ ಹೋಗಬೇಕಾದ್ದನ್ನ ನುಂಗಿದೆಯಲ್ಲೇ, ಅವರು ಯಾರು ಅಂತ ಈಗ ಎಲ್ಲಿ ಹುಡುಕೋದು ಅಂದಳು. ಅಂದವಳು ತಟ್ಟನೆ ಸುಮ್ಮನಾದಳು. ಯಾಕೆಂದರೆ ಹುಡುಕಲು ಹೊರಟರೆ ಎಲ್ಲಿಂದ ಶುರು ಮಾಡಬೇಕು ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬ ಮುದುಕ ತನ್ನ ಚಪ್ಪಲಿಯ ಉಂಗುಟವನ್ನೇ ನೋಡತೊಡಗಿದ. ಮಡಿಲ ಪುರಿ ಮಡಿಲಲ್ಲೇ ಉಳಿಯಿತು.

ಸಾರುವವನು ಅಷ್ಟಿಷ್ಟು ಕಟ್ಟಳೆ ಬಲ್ಲವನು. ಗಂಟಲು ಸರಿಮಾಡಿಕೊಂಡು ಹೇಳಿದ, ಆರು ಜನ ವೀರರನ್ನೂ ನಾಳೆ ಬೆಳಿಗ್ಗೆ ನಿನ್ನ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ನಿಲ್ಲಿಸು, ಅವರವರದ್ದನ್ನು ಅವರವರು ಬಂದು ಒಯ್ಯಲಿ. ಕೂಡಿಡುವವಳಿಗೆ ತನ್ನ ನಡುಮನೆಯ ಸಾಲು ನೆನಪಾಯಿತು. ಬೀದಿಗೆ ಮುಖ ಮಾಡುವುದಕ್ಕೆ ಮುಖ ಎಲ್ಲಿದೆ?

ಗಿರಣಿಯವಳು ಮಾತ್ರ ಇದ್ಯಾವುದೂ ಕೇಳಿಸದವಳ ಹಾಗೆ ಅವಳ ಹತ್ತಿರ ಬಂದು ಮುಖವನ್ನೇ ನೋಡಿದಳು.

"ಅಯ್ಯೋ, ನೀನಾ? ಇಷ್ಟು ವರ್ಷ ನಾನು ಅವನ ಮೇಲೆ ಸಿಟ್ಟು ಮಾಡ್ಕೊಂಡಿದ್ದೆನಲ್ಲವ್ವ."

ಗಿರಣಿಯವಳು ಜರಡಿಯನ್ನು ವೀರನ ಕುತ್ತಿಗೆಗೆ ನೇತುಹಾಕಿ ಒಬ್ಬಳೇ ಎತ್ತಲು ನೋಡಿದಳು, ಆಗಲಿಲ್ಲ. ಸುತ್ತ ಅಷ್ಟು ಗಂಡಸರಿದ್ದರು, ಮುಟ್ಟಿದರೆ ತಮಗೂ ಹೆಸರು ಬಂದೀತು ಅಂತ ಒಬ್ಬರೂ ಕೈ ಹಾಕಲಿಲ್ಲ. ಕೂಡಿಡುವವಳು ಕಾಲ ಕಡೆ ಹಿಡಿದಳು. ಇಬ್ಬರೂ ಮುದುಕಿಯರು ಹೆಣ ಹೊತ್ತ ಹಾಗೆ ಹೊತ್ತುಕೊಂಡು ಬೀದಿ ದಾಟಿದರು. ಹಿಂದಿನಿಂದ ಯಾರೂ ನಗಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಗಿರಣಿಯ ಮುಂದೆ ಡಬ್ಬ ಹಿಡಿದುಕೊಂಡು ನಾಲ್ಕೈದು ಹೆಂಗಸರು ಕಾಯುತ್ತಿದ್ದರು. ಬೆಲ್ಟು ನಿಂತಿತ್ತು. ಇಬ್ಬರೂ ವೀರನನ್ನು ಬಾಗಿಲಿಗೆ ಅಡ್ಡ ಇಳಿಸಿ, ಮುಖ ಬೀದಿಗೆ ಮಾಡಿ, ಗಳು ಒತ್ತುಕೊಟ್ಟು ನಿಲ್ಲಿಸಿದರು. ಗಿರಣಿಯವಳು ಬಟ್ಟೆಯ ಗಂಟಿಗೆ ಕೈ ಹಾಕಿದಾಗ ಕೂಡಿಡುವವಳು ಅವಳ ಮಣಿಕಟ್ಟು ಹಿಡಿದುಕೊಂಡಳು. ಬಿಚ್ಚಬೇಡ ಅಂದಳು. ನಾನು ಮುಟ್ಟಿದ್ದೆಲ್ಲ ಹಾಗಾಗುತ್ತೆ, ಇವನಿಗೆ ಮುಖ ಇರಲ್ಲ, ಮನೆಯಲ್ಲಿರೋ ಆರು ಜನಕ್ಕೂ ಇಲ್ಲ, ನಾಳೆ ಊರು ಅದನ್ನೂ ನೋಡುತ್ತೆ, ಅಂತ ಒಂದರ ಮೇಲೊಂದು ಹೇಳಿಬಿಟ್ಟಳು. ಕಾಯುತ್ತಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ಗಿರಣಿಯವಳು ಕೈ ಬಿಡಿಸಿಕೊಂಡು ಗಂಟು ಬಿಚ್ಚಿದಳು, ಬಟ್ಟೆ ಎಳೆದಳು.

ಒರೆಸಿದ ಸ್ಲೇಟು.

"ನೋಡಿದೆಯಾ?" ಅಂದಳು ಕೂಡಿಡುವವಳು.

"ಏನು ನೋಡೋದು? ಗೂಬೆ ಥರ ಪಿಳಿಪಿಳಿ ನೋಡ್ತಾ ನಿಂತವ್ನೆ. ಎಲ್ಲಿ ಹೋಗಿದೆ ಮುಖ?"

ಕೂಡಿಡುವವಳು ಗಿರಣಿಯವಳನ್ನು ನೋಡಿದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು, ಬಿಳಿ ಹುಬ್ಬಿನ ಕೆಳಗೆ ಕಣ್ಣು ಅರಳಿತ್ತು. ಸುಳ್ಳಿನ ಮುಖವಲ್ಲ ಅದು. ಡಬ್ಬ ಹಿಡಿದ ಹೆಂಗಸರಲ್ಲೂ ಇಬ್ಬರು ಹಾಗೇ ನೋಡುತ್ತಿದ್ದರು. ಆಗ ಅವಳಿಗೆ ತಿಳಿಯಿತು. ಏಳು ಮುಖಗಳಲ್ಲಿ ಒಂದೂ ಎಲ್ಲಿಗೂ ಹೋಗಿರಲಿಲ್ಲ. ಇಷ್ಟು ವರ್ಷ ಆರು ಅವಳ ನಡುಮನೆಯಲ್ಲೇ ಇದ್ದವು. ಅವು ಹೊರಗೆ ನಿಂತವರದು, ಅವಳಿಗೆ ಕೊಟ್ಟಿರಲಿಲ್ಲ, ಅಷ್ಟೇ.

ಆಮೇಲೆ, ಪಕ್ಕದ ಮನೆಯಲ್ಲಿ ಮಜ್ಜಿಗೆ ಬೇಡುವವಳ ಹಾಗೆ, ಮೆಲ್ಲಗೆ ಕೇಳಿದಳು.

"ಹೇಗಿದಾನೆ?"

ಗಿರಣಿಯವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಏನಂತ ಹೇಳ್ಲಿ. ಬಣ್ಣ ಹಾಕಿದೋನಿಗೆ ಏನೋ ಅವಸರ ಇತ್ತು. ತುಟಿ ಕೆಂಪು ತುಟಿಗೆ ಬೀಳದೆ ಗಲ್ಲಕ್ಕೆ ಇಳಿದಿದೆ. ಒಂದು ಹುಬ್ಬು ದಪ್ಪ, ಒಂದು ಸಣ್ಣ. ಮೂಗು ನೀರು ಬಿದ್ದು ಊದ್ಕೊಂಡಿದೆ. ಮೀಸೆ ಪರವಾಗಿಲ್ಲ."

"ಇಷ್ಟೇನಾ?"

"ಇಷ್ಟೇ ಕಣವ್ವ. ನೀನು ಇನ್ನೇನು ಅಂದ್ಕೊಂಡಿದ್ದೆ?"

ಕೂಡಿಡುವವಳು ಇನ್ನೊಂದು ಹೆಜ್ಜೆ ಹತ್ತಿರ ಬಂದಳು.

"ನಗ್ತಿದಾನಾ?"

ಅದಕ್ಕೆ ಗಿರಣಿಯವಳು ಸೆರಗಿನ ತುದಿಯಿಂದ ಆ ನುಣ್ಣನೆಯ ಜಾಗವನ್ನು ಒರೆಸಿದಳು, ಒಂದು ಹೆಜ್ಜೆ ಹಿಂದೆ ಬಂದು ತಲೆ ಓರೆ ಮಾಡಿ ನೋಡಿದಳು.

"ಇಲ್ಲ. ಎದುರಿಗೆ ಯಾರಿದಾರೋ ಅವರನ್ನ ನೋಡ್ತಿದಾನೆ."

ಹೇಳಿ ಒಳಗೆ ಹೋದಳು. ಜನ ಕಾಯುತ್ತಿದ್ದರಲ್ಲ.

ಎದುರಿಗೆ ಇದ್ದವಳು ಕೂಡಿಡುವವಳೇ. ಅವಳ ಕೈ ತಾನಾಗಿ ಸೆರಗನ್ನು ಎಳೆದು ಮುಖಕ್ಕೆ ತಂದಿತು. ಹಿಂದೆ ಹೆಂಗಸರು ಗುಸುಗುಸು ಅನ್ನುತ್ತಿದ್ದರು, ನಾಳೆ ನಲ್ಲಿಯಲ್ಲಿ ಏನೇನು ಹೇಳುತ್ತಾರೋ ಅದೆಲ್ಲ ಅವಳಿಗೆ ಈಗಲೇ ಕೇಳಿಸುತ್ತಿತ್ತು. ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟರೆ ಸಾಕಿತ್ತು, ಅವನ ಕಣ್ಣು ತಪ್ಪುತ್ತಿತ್ತು. ಗಿರಣಿಯ ಬೆಲ್ಟು ಶುರುವಾಯಿತು. ರಟ್ಟಿನ ಅಂಚಿನಿಂದ ಹಿಟ್ಟು ಎದ್ದು ಬಂದು ಅವಳ ತಲೆಯ ಮೇಲೆ, ಹೆಗಲ ಮೇಲೆ, ಹಿಡಿದ ಸೆರಗಿನ ಮೇಲೆ ಕೂತಿತು.

ಅವಳು ಮುಖದಿಂದ ಸೆರಗು ಇಳಿಸಿದಳು. ನೋಡಲಿ ಅಂತ ನಿಂತಳು.